ಕೆಂಪು ಬಲ್ಬಿನ ಕತ್ತಲೆ

ಗೋಬಿ ಮಂಚೂರಿ ಗಾಡಿಯ ಮುಂದೆ ನಿಂತು ಕಣ್ಣಲ್ಲಿ ನೀರು ತಂದುಕೊಂಡವಳು ಇಡೀ ಶಿರಸಿಯಲ್ಲಿ ನಾನೊಬ್ಬಳೇ ಇರಬೇಕು. ಮೊನ್ನೆ ಉತ್ತರಪತ್ರಿಕೆ ತಿದ್ದುವ ಕೆಲಸಕ್ಕೆಂದು ಹೋಗಿದ್ದೆ. ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಗಾಡಿಯವನು ಕಾದ ಬಾಣಲೆಗೆ ವಿನೆಗರ್ ಸುರಿದ. ಹುಳಿ ಹೊಗೆ ಭುಸ್ಸೆಂದು ಎದ್ದು ನೆಟ್ಟಗೆ ನನ್ನ ಮೂಗಿಗೇ ಬಂತು. “ಖಾರ ಹತ್ತಿತೇನ್ರಿ ಅಕ್ಕಾರ?” ಎಂದು ಅವನು ಗಾಬರಿಯಾದ. ಹೌದಪ್ಪಾ ಎಂದೆ. ಅವನಿಗೆ ಇನ್ನೇನು ಹೇಳಲಿ?

ಅದು ಶಿರಸಿಯ ಫೋಟೋ ಸ್ಟುಡಿಯೋದ ಹೆಗಡೆಯವರ ಡಾರ್ಕ್‌ರೂಮಿನ ವಾಸನೆ. ಕಪ್ಪು-ಬಿಳುಪು ಫೋಟೋ ಪೇಪರಿನ ಮೇಲೆ ಮುಖ ಮೂಡಿದ ಕೂಡಲೇ ಅದನ್ನು ಎರಡನೇ ತಟ್ಟೆಗೆ ಅದ್ದುತ್ತಿದ್ದರು. ಆ ತಟ್ಟೆಯಲ್ಲಿರುವುದೂ ವಿನೆಗರಿನ ಹುಳಿಯೇ. ಒಂದು ಬೇಸಿಗೆ ಪೂರ್ತಿ, ಫೆಬ್ರವರಿಯಿಂದ ಮೇ ಕೊನೆಯವರೆಗೆ, ನನ್ನ ಸೀರೆ, ಕೂದಲು, ಊಟದ ಡಬ್ಬಿ ಎಲ್ಲಕ್ಕೂ ಅದೇ ವಾಸನೆ ಹಿಡಿದಿತ್ತು. “ಏನವಾ, ಉಪ್ಪಿನಕಾಯಿ ಭರಣ್ಯಾಗ ಬಿದ್ದು ಬಂದೀಯೇನ?” ಎಂದು ದಾಸನಕೊಪ್ಪದ ಮನೆಯಲ್ಲಿ ಅವ್ವ ದಿನಾ ಕೇಳುತ್ತಿದ್ದಳು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ಪಿಎಚ್‌ಡಿಗೆ ಒಮ್ಮೆ ಹೆಸರು ಹಚ್ಚಿ ಅರ್ಧಕ್ಕೆ ಬಿಟ್ಟವಳು. ಎರಡನೇ ಸಲ ಕಾಡಿ ಬೇಡಿ ಒಂದು ವರ್ಷದ ರಜೆ ಪಡೆದಿದ್ದೆ. “ಇದೇ ಕಡೇದು. ಜೂನ್ ಒಂದಕ್ಕೆ ನೀವು ಕ್ಲಾಸಿನಲ್ಲಿರಬೇಕು” ಎಂದು ಪ್ರಾಂಶುಪಾಲರು ನನ್ನ ಮುಖ ನೋಡದೆ ಹೇಳಿದ್ದರು. ಧಾರವಾಡದ ನನ್ನ ಗೈಡ್ ಇನ್ನೂ ನೇರ. “ರಜಾ ಮುಗಿಯೂದ್ರೊಳಗ ಒಂದು ಗಟ್ಟಿ ಫಲಿತಾಂಶ ತೋರಸು. ಇಲ್ಲಂದ್ರ ಇದನ್ನ ಇಲ್ಲಿಗೇ ಬಿಡೂಣು” ಎಂದಿದ್ದರು. ಆಗ ನನಗೆ ಮೂವತ್ನಾಲ್ಕು. ಮೂರನೇ ಅವಕಾಶ ಯಾರೂ ಕೊಡುವುದಿಲ್ಲ ಎಂದು ಚೆನ್ನಾಗಿ ಗೊತ್ತಿತ್ತು.

ನನ್ನ ವಿಷಯ ಊರ ಕೆರೆಯ ಕೆಸರು. ಎಮ್ಮೆಗಳು ಬಿದ್ದುಕೊಳ್ಳುವ ಕಡೆಯ ಕೆಸರನ್ನು ಬಾಟಲಿಗೆ ತುಂಬಿ ಕಿಟಕಿಯಲ್ಲಿಟ್ಟರೆ ಕೆಲವು ವಾರಗಳಲ್ಲಿ ಗಾಜಿನ ಒಳಮೈಗೆ ನೇರಳೆಗೆಂಪು ಬಣ್ಣ ಹತ್ತುತ್ತದೆ. ಅದು ಬೆಳಕಿನಿಂದ ಬದುಕುವ ಬ್ಯಾಕ್ಟೀರಿಯಾ. ಕಣ್ಣಿಲ್ಲ, ನರವಿಲ್ಲ, ಆದರೂ ಬೆಳಕು ಬಂದದ್ದು ಅದಕ್ಕೆ ಗೊತ್ತಾಗುತ್ತದೆ. ಅದನ್ನು ಕೆಸರಿನಿಂದ ಬೇರೆ ಮಾಡಿ ಫ್ಲಾಸ್ಕಿನಲ್ಲಿ ಬೆಳೆಸಿದರೆ, ಬೆಳಕಿದ್ದಾಗ ಬಣ್ಣ ಕಟ್ಟಿ ಕೆಂಪಗಾಗಬೇಕು, ಕತ್ತಲೆಯಲ್ಲಿ ಬಿಳಿಚಿಕೊಂಡಿರಬೇಕು. ಈ ವ್ಯತ್ಯಾಸವನ್ನು ಮೂರು ಸಲ ತಪ್ಪದೆ ತೋರಿಸಿದರೆ ಸಾಕು, ಅದಕ್ಕೆ ಬೆಳಕು ತಿಳಿಸುವ ಪ್ರೋಟೀನು ಯಾವುದೆಂದು ಮುಂದೆ ಹುಡುಕಬಹುದಿತ್ತು. ವ್ಯತ್ಯಾಸವೇ ಕಾಣದಿದ್ದರೆ ಮುಂದಿನದೆಲ್ಲ ಬರೀ ಮಾತು.

ಇದಕ್ಕೆ ಬೇಕಾದದ್ದು ಖಾತ್ರಿ ಕತ್ತಲೆ. ಬೆಳಕು ಎಲ್ಲಿ ಬೇಕಾದರೂ ಸಿಗುತ್ತದೆ, ಒಳ್ಳೆಯ ಕತ್ತಲೆ ಸಿಗುವುದು ಎಷ್ಟು ಕಷ್ಟವೆಂದು ಆ ವರ್ಷ ತಿಳಿಯಿತು. ಕಾಲೇಜಿನ ಲ್ಯಾಬಿನ ಕಿಟಕಿಗಳು ಮುಚ್ಚುತ್ತಿರಲಿಲ್ಲ. ಕಪಾಟಿನಲ್ಲಿಟ್ಟರೆ ಬೀಕರ್ ಹುಡುಕುತ್ತ ಯಾರಾದರೂ ಬಾಗಿಲು ತೆಗೆಯುವರು. ಅಲ್ಯುಮಿನಿಯಂ ಹಾಳೆ ಸುತ್ತಿದರೂ ದಿನಕ್ಕೆರಡು ಸಲ ಬಿಚ್ಚಿ ಹನಿ ತೆಗೆದು ನೋಡಲೇಬೇಕು. ತಲೆ ಚಚ್ಚಿಕೊಳ್ಳುತ್ತಿದ್ದಾಗ ಯಾವುದೋ ಅರ್ಜಿಗೆ ಪಾಸ್‌ಪೋರ್ಟ್ ಫೋಟೋ ಬೇಕಾಗಿ ಹೆಗಡೆಯವರ ಸ್ಟುಡಿಯೋಕ್ಕೆ ಹೋದೆ. ಅವರು ಕಾನಸೂರಿನಿಂದ ದಿನಾ ಬಸ್ಸಿಗೆ ಬಂದು ಅಂಗಡಿ ತೆಗೆಯುತ್ತಿದ್ದ ಮನುಷ್ಯ, ಐವತ್ತೈದರ ಆಸುಪಾಸು, ಬೆರಳ ತುದಿಗಳೆಲ್ಲ ಔಷಧಿ ಹಿಡಿದು ಕಂದಾಗಿದ್ದವು. ಕಲರ್ ರೋಲುಗಳು ಹುಬ್ಬಳ್ಳಿಯ ಲ್ಯಾಬಿಗೆ ಹೋಗುತ್ತಿದ್ದವು, ಹಿಂದಿನ ಡಾರ್ಕ್‌ರೂಮು ಕಪ್ಪು-ಬಿಳುಪಿಗಷ್ಟೇ ಉಳಿದಿತ್ತು. ಒಂದು ಮೂಲೆ ಕೊಡುತ್ತೀರಾ ಎಂದು ಕೇಳಿಯೇಬಿಟ್ಟೆ.

“ವಾಸನೆ ಬತ್ತಾ ನಿಮ್ಮ ಸಾಮಾನು?” ಎಂದರು.

“ಬರತೈತ್ರಿ, ಕೆಸರಿಂದು” ಎಂದೆ.

“ಹಂಗಾರೆ ಅಡ್ಡಿಲ್ಲೆ. ಇಲ್ಲಿಯ ವಾಸನೆ ಎದುರು ಅದೆಂತ ಮಾಡ್ತು?”

ಆ ಕೋಣೆಯಲ್ಲಿ ಉರಿಯುತ್ತಿದ್ದದ್ದು ಒಂದೇ ಬಲ್ಬು, ಕೆಂಪು. ಕೆಂಪೆಂದರೆ ಕತ್ತಲೆಯ ಲೆಕ್ಕವೇ ಎಂದರು ಹೆಗಡೆಯವರು. ಫೋಟೋ ಪೇಪರಿಗೆ ಅದು ತಾಗುವುದಿಲ್ಲ. ನನ್ನ ಗೈಡ್ ಕೂಡ ಅದನ್ನೇ ಹೇಳಿದ್ದರು. ಇಂಥ ಬ್ಯಾಕ್ಟೀರಿಯಾದಲ್ಲಿ ಹಳದಿ ಬಣ್ಣದ ಒಂದು ಪ್ರೋಟೀನು ಇರುತ್ತದೆ, ಅದು ನೋಡುವುದು ನೀಲಿ ಬೆಳಕನ್ನು, ನಿನ್ನದರಲ್ಲೂ ಅದೇ ಇರಬೇಕು, ಕೆಂಪು ಬಲ್ಬಿನಡಿ ಧೈರ್ಯವಾಗಿ ಕೆಲಸ ಮಾಡು ಎಂದು. ವಿಶ್ವವಿದ್ಯಾಲಯವೂ ಫೋಟೋ ಅಂಗಡಿಯೂ ಒಂದೇ ಮಾತು ಹೇಳಿದ ಮೇಲೆ ನನಗೆ ಅನುಮಾನ ಯಾಕೆ ಬರಬೇಕು? ಮೂರು ಫ್ಲಾಸ್ಕು ಅಂಗಡಿಯ ಮುಂದಿನ ಕಿಟಕಿಯಲ್ಲಿ, ಮೂರು ಒಳಗೆ ಕೆಂಪು ಬಲ್ಬಿನಡಿಯ ಕತ್ತಲೆಯಲ್ಲಿ. ಎಂಟು ದಿನಕ್ಕೊಂದು ಸರತಿ.

ಹೆಗಡೆಯವರಿಗೆ ಎಲ್ಲ ತಿಳಿಯಬೇಕು. ಪೇಪರು ತೊಳೆಯುತ್ತ ಬೆನ್ನು ತಿರುಗಿಸಿಕೊಂಡೇ ಕೇಳುವರು. “ಅಲ್ಲ ಮೇಡಂ, ಕಣ್ಣೇ ಇಲ್ದೆ ಕಾಣ್ತು ಹೇಳ್ತ್ರಲ, ಅದು ಹೆಂಗೆ?” ನಾನು ನನ್ನ ಕ್ಲಾಸಿನ ಪಾಠ ಶುರು ಮಾಡುತ್ತಿದ್ದೆ. ಪ್ರೋಟೀನೆಂದರೆ ಉದ್ದನೆಯ ಸರ. ಸರ ನೆಟ್ಟಗೆ ಬಿದ್ದುಕೊಂಡಿರುವುದಿಲ್ಲ, ತನ್ನಷ್ಟಕ್ಕೆ ಮಡಚಿ ಸುತ್ತಿ ಗಂಟಾಗಿ ಕೂರುತ್ತದೆ. ಆ ಗಂಟಿನೊಳಗೆ ಒಂದು ಪುಟ್ಟ ಗೂಡು, ಗೂಡಿನಲ್ಲಿ ಬಣ್ಣದ ಒಂದು ಅಣು. ಬೆಳಕು ಬಿದ್ದರೆ ಅಣು ಗೂಡಿನೊಳಗೇ ಮಗ್ಗುಲು ಬದಲಿಸುತ್ತದೆ. ಗೂಡಿನ ಗೋಡೆಗೆ ಅದು ತಾಗಿ ಇಡೀ ಗಂಟು ಸ್ವಲ್ಪ ಜರುಗುತ್ತದೆ, ಆ ಜರುಗುವಿಕೆಯೇ ಒಳಗಿನವರಿಗೆ ಸುದ್ದಿ.

“ಹಂಗಾರೆ ಕಾಣೋದು ಬಣ್ಣಕ್ಕೋ, ಗೂಡಿಗೋ?” ಎಂದರು ಒಮ್ಮೆ. ಇಂಥ ಪ್ರಶ್ನೆಯನ್ನು ನನ್ನ ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಎರಡಕ್ಕೂ ಎಂದೆ. ಆ ಹಳದಿ ಪ್ರೋಟೀನಿನ ಬಣ್ಣದ ಅಣುವನ್ನು ಹೊರಗೆ ತೆಗೆದಿಟ್ಟರೆ ಅದಕ್ಕೆ ನೀಲಿ ತಾಗುವುದಿಲ್ಲ, ನೀಲಿಗಿಂತ ಆಚೆಯ, ನಮ್ಮ ಕಣ್ಣಿಗೆ ಬೀಳದ ಬೆಳಕಷ್ಟೇ ತಾಗುತ್ತದೆ. ಗೂಡಿನಲ್ಲಿ ಕೂರಿಸಿ, ಸುತ್ತಲಿನ ಗೋಡೆ ಅದನ್ನು ಅಮುಕಿ ಹಿಡಿದರೆ ನೀಲಿ ಕಾಣತೊಡಗುತ್ತದೆ. ಏನನ್ನು ನೋಡಬಹುದು ಎಂದು ಗೂಡಿನ ಆಕಾರ ತೀರ್ಮಾನಿಸುತ್ತದೆ. ಹೆಗಡೆಯವರು ತಟ್ಟೆ ಅಲುಗಾಡಿಸುವುದನ್ನು ನಿಲ್ಲಿಸಿದರು. “ಫೋಟೋದಲ್ಲೂ ಹಂಗೇಯ. ಬರೀ ಬೆಳ್ಳಿ ಉಪ್ಪಿಗೆ ನೀಲಿ ಒಂದೇ ಕಾಣ್ತು. ಅದಕ್ಕೊಂದು ಬಣ್ಣ ಬೆರೆಸಿದ್ರೆ ಕೆಂಪೂ ಕಾಣ್ತು” ಎಂದರು. ನಾನು ಹೂಂಗುಟ್ಟಿದೆ. ಕೇಳಿಸಿಕೊಳ್ಳಲಿಲ್ಲ.

ಮೊದಲ ಸರತಿಯಲ್ಲಿ ಆರೂ ಫ್ಲಾಸ್ಕು ಕೆಂಪಗಾದವು. ಕಿಟಕಿಯವೂ ಕೆಂಪು, ಕತ್ತಲೆಯವೂ ಕೆಂಪು. ಎಲ್ಲೋ ಬೆಳಕು ಸೋರಿರಬೇಕೆಂದು ಬಾಗಿಲ ಸಂದಿಗೆ ಕಂಬಳಿ ತುರುಕಿದೆ. ಎರಡನೇ ಸರತಿಯೂ ಹಾಗೇ. ಮೂರನೆಯದಕ್ಕೆ ಗೋಡೆಯ ಮೊಳೆ ತೂತುಗಳಿಗೆ ಮಣ್ಣು ಮೆತ್ತಿದೆ. “ಇನ್ನು ಉಸಿರಾಡಲೆ ಒಂದು ತೂತು ಬಿಡಿ ಮಾರಾಯ್ರೆ” ಎಂದು ಹೆಗಡೆಯವರು ನಕ್ಕರು. ನನಗೆ ನಗು ಬರುತ್ತಿರಲಿಲ್ಲ. ಏಪ್ರಿಲ್ ಮೊದಲ ವಾರ ಹೊಸ ಸರತಿ ಇಟ್ಟ ದಿನವೇ ಟ್ರಾನ್ಸ್‌ಫಾರ್ಮರ್ ಸುಟ್ಟು ಆ ಬೀದಿಗೆ ಐದು ದಿನ ಕರೆಂಟು ಹೋಯಿತು. ಹೆಗಡೆಯವರು ಡಾರ್ಕ್‌ರೂಮಿಗೆ ಚಿಲಕ ಹಾಕಿದರು. ಫ್ಯಾನಿಲ್ಲದೆ ಒಳಗೆ ಸೆಕೆ ಬೇಯಿಸುತ್ತಿತ್ತು. ಐದನೇ ದಿನ ಬಾಗಿಲು ತೆರೆದು ನೋಡಿದರೆ ಆ ಸರತಿಯ ಕತ್ತಲೆಯ ಫ್ಲಾಸ್ಕುಗಳು ಪೇಲವವಾಗಿ, ತೊಳೆದ ಅಕ್ಕಿನೀರಿನ ಹಾಗೆ ಇದ್ದವು. ಸೆಕೆಗೆ ಕೆಟ್ಟಿವೆ ಎಂದು ನೋಟ್‌ಬುಕ್ಕಿನಲ್ಲಿ ಗೀಟು ಹೊಡೆದು ಚೆಲ್ಲಿಬಿಟ್ಟೆ. ಕರೆಂಟು ಬಂದ ಮೇಲಿನ ಸರತಿಗಳಲ್ಲಿ ಮತ್ತೆ ಆರೂ ಕೆಂಪು.

ಮೇ ಮೊದಲ ವಾರಕ್ಕೆ ನನ್ನ ಹುರುಪೆಲ್ಲ ಸೋರಿಹೋಗಿತ್ತು. ಎಸ್‌ಟಿಡಿ ಬೂತಿನಿಂದ ಗೈಡ್‌ಗೆ ಫೋನು ಮಾಡಿದರೆ, “ನಿನ್ನ ಬ್ಯಾಕ್ಟೀರಿಯಾಕ್ಕ ಬೆಳಕು ಗೊತ್ತಾಗೂದಿಲ್ಲ ಅಂತ ಕಾಣಸ್ತದ. ಹಂಗ ಬರದು ಕಳಸು, ಮುಗಸೂಣು” ಎಂದರು. ಬರೆದೆ. ಲಕೋಟೆಯನ್ನು ಚೀಲದಲ್ಲಿಟ್ಟುಕೊಂಡು ಸಾಮಾನು ತರಲು ಸ್ಟುಡಿಯೋಕ್ಕೆ ಹೋದೆ. ಫ್ಲಾಸ್ಕುಗಳನ್ನು ಒಂದೊಂದಾಗಿ ಬುಟ್ಟಿಗೆ ತುಂಬಿದೆ. ಸೋತೆನಲ್ಲ ಎನ್ನುವ ದುಃಖಕ್ಕಿಂತ, ಜೂನ್ ಒಂದಕ್ಕೆ ಸ್ಟಾಫ್‌ರೂಮಿನ ಬಾಗಿಲು ದಾಟುವಾಗ ಯಾರು ಯಾರು ಹೇಗೆ ಹೇಗೆ ನೋಡಿಯಾರು ಎನ್ನುವುದೇ ಹೆಚ್ಚು ಸುಡುತ್ತಿತ್ತು.

ಹೆಗಡೆಯವರು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಯಾರದೋ ಮದುವೆಯ ಕಪ್ಪು-ಬಿಳುಪು ರೋಲು. ಅಲ್ಲಿಯವರೆಗೆ ಮೇಡಂ ಎನ್ನುತ್ತಿದ್ದವರು ಅವತ್ತು, “ತಂಗೀ, ಒಂದು ಮಾತು ಕೇಳ್ತೆ. ನಿನ್ನ ಹುಳ ಫಿಲ್ಮೋ, ಪೇಪರೋ?” ಎಂದರು.

ನನಗೆ ಎಲ್ಲಿತ್ತೋ ಸಿಟ್ಟು. “ಹೆಗಡೇರ, ಇದು ಫೋಟೋ ತೊಳಿಯೂ ಕೆಲಸ ಅಲ್ರಿ. ನಿಮಗ ತಿಳಿಯೂದಲ್ಲ ಇದು. ಸುಮ್ನಿರ್ರಿ” ಎಂದುಬಿಟ್ಟೆ. ಅವರ ಮುಖ ಸಣ್ಣಗಾಯಿತು. “ಆತು” ಎಂದಷ್ಟೇ ಹೇಳಿ ಪಕ್ಕಕ್ಕೆ ಸರಿದರು. ನಾನು ಬುಟ್ಟಿ ಎತ್ತಿಕೊಂಡು ಹೊರಗೆ ಬಂದೆ. ಹಿಂದೆ ಡಾರ್ಕ್‌ರೂಮಿನ ಬಾಗಿಲು ಮುಚ್ಚಿದ ಸದ್ದಾಯಿತು, ಆಮೇಲೆ ಟಕ್ಕೆಂದು ಸ್ವಿಚ್ಚು.

ಊರಿಗೆ ಹೋಗುವ ಬನವಾಸಿ ಕಡೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಮೇಲೆ ಆ ಟಕ್ಕೆಂಬ ಸದ್ದು ತಲೆಯಲ್ಲಿ ಉಳಿದುಕೊಂಡಿತು. ಯಾವ ಸ್ವಿಚ್ಚು ಅದು? ಮೂರು ತಿಂಗಳಿಂದ ಕೇಳುತ್ತಲೇ ಇದ್ದೆ. ಪೇಪರು ತೊಳೆಯುವಾಗ ಕೆಂಪು ಬಲ್ಬು ಉರಿಯುತ್ತದೆ. ಫಿಲ್ಮ್ ರೋಲು ಬಿಚ್ಚುವಾಗ ಮಾತ್ರ ಹೆಗಡೆಯವರು ನನ್ನನ್ನು ಹೊರಗೆ ಕಳಿಸಿ ಕೆಂಪು ಬಲ್ಬನ್ನೂ ಆರಿಸುತ್ತಿದ್ದರು. ಯಾಕೆಂದರೆ ಪೇಪರಿಗೆ ಕೆಂಪು ಕಾಣುವುದಿಲ್ಲ, ಫಿಲ್ಮಿಗೆ ಕಾಣುತ್ತದೆ. ಫಿಲ್ಮೋ ಪೇಪರೋ ಎಂದರೆ ಅವರು ಕೇಳಿದ್ದು ಅದು: ನಿನ್ನ ಹುಳಕ್ಕೆ ಕೆಂಪು ಕಾಣುತ್ತದೋ ಇಲ್ಲವೋ?

ಚೀಲದಿಂದ ನೋಟ್‌ಬುಕ್ ತೆಗೆದೆ. ಏಪ್ರಿಲ್ ಮೊದಲ ವಾರದ ಪುಟದಲ್ಲಿ ನನ್ನದೇ ಅಕ್ಷರ: ಕರೆಂಟಿಲ್ಲ, ಸೆಕೆ, ಬಣ್ಣ ಕಟ್ಟಿಲ್ಲ, ಕೆಟ್ಟಿದೆ. ಕೆಟ್ಟಿರಲಿಲ್ಲ. ಆ ಐದು ದಿನ ಕೆಂಪು ಬಲ್ಬು ಉರಿದಿರಲಿಲ್ಲ, ಅಷ್ಟೇ. ಇಡೀ ಬೇಸಿಗೆಯಲ್ಲಿ ಅವು ಹಗಲೂ ರಾತ್ರಿ ನಿಜವಾದ ಕತ್ತಲೆ ಕಂಡದ್ದು ಆ ಐದು ದಿನ ಮಾತ್ರ. ಉಳಿದ ದಿನವೆಲ್ಲ ನಾನು ಮೊಳೆ ತೂತು ಮುಚ್ಚಿ ಮುಚ್ಚಿ ದೀಪದ ಕೆಳಗೇ ಅವನ್ನು ಕೂರಿಸಿದ್ದೆ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವಳು ಎಂದರೆ ನಾನೇ. “ನಿಲ್ಲಸ್ರಿ, ನಿಲ್ಲಸ್ರಿ!” ಎಂದು ಕೂಗಿ ನಡುದಾರಿಯಲ್ಲಿ ಇಳಿದೆ. ಫ್ಲಾಸ್ಕಿನ ಬುಟ್ಟಿ ಹೊತ್ತು ಎದುರಿನ ಬಸ್ಸಿಗೆ ಕೈ ಮಾಡಿದೆ.

ಹೆಗಡೆಯವರ ಮುಂದೆ ಬುಟ್ಟಿ ಇಳಿಸಿದೆ. “ತಪ್ಪಾತ್ರಿ. ಅದು ಫಿಲ್ಮ್ ಇರಬೇಕ್ರಿ” ಎಂದೆ. ಅವರು ನನ್ನನ್ನು, ಬುಟ್ಟಿಯನ್ನು ನೋಡಿದರು. “ಹಂಗಾರೆ ಬಲ್ಬ್ ಆರ್ಸಿ ನೋಡಿದ್ರೆ ಆತು” ಎಂದು ಎದ್ದೇಬಿಟ್ಟರು.

ಹೇಳಿದಷ್ಟು ಸುಲಭವಿರಲಿಲ್ಲ. ರಜೆ ಮುಗಿಯಲು ಇಪ್ಪತ್ತೈದು ದಿನವೂ ಇರಲಿಲ್ಲ, ಮೂರು ಸರತಿ ಆಗಲೇಬೇಕು. ಫ್ಲಾಸ್ಕು ದಿನಕ್ಕೆರಡು ಸಲ ಅಲುಗಿಸಿ ಹನಿ ತೆಗೆಯಬೇಕು, ಅದೂ ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ ಎನ್ನುವ ಕತ್ತಲೆಯಲ್ಲಿ. ಮೊದಲ ದಿನವೇ ನಾನು ಒಂದು ಫ್ಲಾಸ್ಕು ಒಡೆದೆ, ಇನ್ನೊಂದರ ಬಾಯಿಗಿಟ್ಟ ಹತ್ತಿಯನ್ನು ನೆಲಕ್ಕೆ ಬೀಳಿಸಿದೆ. ಗೋಡೆ ತಡವರಿಸುತ್ತ ಹೊರಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತೆ. “ನೀನು ಹೊರಗೆ ಕೂತು ಹೇಳು. ಆನು ಮಾಡ್ತೆ” ಎಂದರು ಹೆಗಡೆಯವರು. ಮೂವತ್ತು ವರ್ಷ ಕತ್ತಲೆಯಲ್ಲಿ ರೋಲು ಸುತ್ತಿದ ಕೈ. ಯಾವ ಫ್ಲಾಸ್ಕು ಯಾವುದೆಂದು ತಿಳಿಯಲು ಅವುಗಳ ಕುತ್ತಿಗೆಗೆ ಒಂದೆಳೆ, ಎರಡೆಳೆ, ಮೂರೆಳೆ ದಾರ ಕಟ್ಟಿದರು. ನಾನು ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಹೇಳುವುದು, ಒಳಗಿಂದ ಅವರು “ಹೂಂ, ಎರಡೆಳೇದು ಆತು” ಎನ್ನುವುದು. ಒಂದು ಹನಿಯೂ ಚೆಲ್ಲಲಿಲ್ಲ. ಪಾಸ್‌ಪೋರ್ಟ್ ಫೋಟೋಕ್ಕೆ ಅವಸರ ಮಾಡಿದವರನ್ನೆಲ್ಲ, “ಒಳಗೆ ಬಾಳಂತಿ ಇದ್ದು, ದೀಪ ಹಚ್ಚಲೆ ಇಲ್ಲೆ, ಸಂಜೆ ಬನ್ನಿ” ಎಂದು ಕಳಿಸಿದರು. ಸಂಜೆ ಕಾನಸೂರಿನ ಬಸ್ಸಿಗೆ ಹೊರಡುವ ಮೊದಲು ಅಂಗಳದ ಬಚ್ಚಲುಮನೆಗೆ ಗೋಣಿ ಕಟ್ಟಿ, ಬಲ್ಬು ಅಲ್ಲಿಗೆ ಸಾಗಿಸಿ ಆ ಗಿರಾಕಿಗಳ ಫೋಟೋ ತೊಳೆದರು. ಆ ಬಲ್ಬನ್ನು ಆರಿಸದೆ ಅದರ ಕೆಳಗೆ ಇನ್ನೊಂದು ಫ್ಲಾಸ್ಕನ್ನೂ ಇಟ್ಟುಕೊಂಡರು. ಬರೀ ಕೆಂಪು ಸಾಕೋ ನೋಡಬೇಕಲ್ಲ ಎಂದು ಅವರಿಗೇ ಹೊಳೆದಿತ್ತು.

ಎಂಟನೇ ದಿನ ಮಧ್ಯಾಹ್ನ ಬಾಗಿಲು ತೆರೆದು ಅವರು ಮೂರು ಫ್ಲಾಸ್ಕುಗಳನ್ನು ಎದೆಗವುಚಿಕೊಂಡು ಬೆಳಕಿಗೆ ಬಂದರು. ಮೂರೂ ಪೇಲವ. ಬಚ್ಚಲುಮನೆಯದು ದಾಸವಾಳದಂತೆ ಕೆಂಪು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಗಳಗಳನೆ ಅತ್ತೆ. “ಎಂತಕ್ಕೆ ಅಳ್ತೆ? ಕಣ್ಣು ಬಿಟ್ಟವಲೇ!” ಎನ್ನುತ್ತಿದ್ದ ಹೆಗಡೆಯವರ ದನಿಯೂ ನೆಟ್ಟಗಿರಲಿಲ್ಲ. ಲಕೋಟೆ ಹರಿದುಹಾಕಿದೆ. ಉಳಿದ ಎರಡು ಸರತಿಯೂ ಹಾಗೇ ಬಂದು, ಜೂನ್ ಒಂದಕ್ಕೆ ನಾನು ತಲೆಯೆತ್ತಿ ಸ್ಟಾಫ್‌ರೂಮಿನ ಬಾಗಿಲು ದಾಟಿದೆ.

ಆಮೇಲಿನ ಕೆಲಸ ರಜಾದಿನಗಳಲ್ಲಿ ಧಾರವಾಡದಲ್ಲಿ ನಡೆಯಿತು. ನಮ್ಮ ಕೆರೆಯ ಜೀವಿಯಲ್ಲಿ ನಾವು ಹುಡುಕಿದ ಹಳದಿ ಪ್ರೋಟೀನು ಸಿಗಲಿಲ್ಲ. ಸಿಕ್ಕಿದ್ದು ಬೇರೆಯೇ ಮಡಿಕೆಯ, ದೊಡ್ಡ ಗೂಡಿನ ಒಂದು ಪ್ರೋಟೀನು; ಅದರೊಳಗೆ ಪಿತ್ತರಸದಲ್ಲಿರುವಂಥ ಹಸಿರು ಬಣ್ಣದ ಅಣು, ಕೆಂಪು ಬೆಳಕಿಗೆ ಮಗ್ಗುಲು ಬದಲಿಸುವಂಥದ್ದು. ಬಣ್ಣದ ಅಣುವನ್ನು ಹಿಡಿದಿಡುವ ಒಂದೇ ಒಂದು ಅಮೈನೋ ಆಮ್ಲ ಬದಲಾಯಿಸಿದರೂ ಅದಕ್ಕೆ ಕೆಂಪು ಕಾಣುವುದು ನಿಂತುಹೋಗುತ್ತಿತ್ತು. ಪ್ರಬಂಧ ಬರೆಯಲು ಕೂತಾಗ ಗೈಡ್ ಹೇಳಿದರು: “ಫೋಟೋದವ್ರು ಕೇಳಿದ್ರು, ಬಲ್ಬ್ ಆರಿಸಿದ್ವಿ ಅಂತ ಬರದ್ರ ಪರೀಕ್ಷಕರು ನಗ್ತಾರ. ‘ಕೆಂಪು ಬೆಳಕಿನ ಪರಿಣಾಮವನ್ನೂ ಪರೀಕ್ಷಿಸಲಾಯಿತು’ ಅಂತ ಬರಿ.” ಹಾಗೇ ಬರೆದೆ. ಅವರ ಮೇಲೆ ಹಾಕಿ ಕೈ ತೊಳೆದುಕೊಳ್ಳುವುದು ಸುಲಭ. ಬರೆದ ಕೈ ನನ್ನದು. ಕೃತಜ್ಞತೆಯ ಪುಟದಲ್ಲಿ, ಕೋಣೆ ಒದಗಿಸಿದ್ದಕ್ಕೆ ಹೆಗಡೆಯವರಿಗೆ ವಂದನೆ ಎಂದು ಒಂದು ಸಾಲು ಹಾಕಿದೆ. ಪುಸ್ತಕದ ಒಂದು ಪ್ರತಿಯನ್ನೂ ಧಾರವಾಡ ಪೇಢೆಯನ್ನೂ ಅವರಿಗೆ ಕೊಟ್ಟುಬಂದೆ. ಅದಾದ ಮೇಲೆ ಯಾಕೋ ಆ ಬೀದಿ ತಪ್ಪಿಸಿಕೊಂಡೇ ಓಡಾಡಿದೆ.

ಮೊನ್ನೆ ವಿನೆಗರಿನ ಹೊಗೆ ಮೂಗಿಗೆ ಬಡಿದ ಮೇಲೆ ಬಸ್ಸು ಬಿಟ್ಟೆ, ನಡೆದೇ ಹೋದೆ. ಸ್ಟುಡಿಯೋ ಇತ್ತು. ಮುಂದೆ ಜೆರಾಕ್ಸ್ ಮಷೀನು, ಲ್ಯಾಮಿನೇಷನ್. ಡಾರ್ಕ್‌ರೂಮಿನಲ್ಲಿ ಫೋಟೋ ಫ್ರೇಮುಗಳ ರಾಶಿ, ಟ್ಯೂಬ್‌ಲೈಟು. ಹೆಗಡೆಯವರ ತಲೆ ಪೂರ್ತಿ ಬೆಳ್ಳಗಾಗಿತ್ತು. “ಓಹೋ, ಕೆಸರಿನ ಮೇಡಂ! ಬನ್ನಿ ಬನ್ನಿ” ಎಂದು ಸ್ಟೂಲು ಎಳೆದರು. ಅವರ ಹಿಂದಿನ ಗೂಡಿನಲ್ಲಿ, ಹಳೆಯ ಕ್ಯಾಮೆರಾದ ಪಕ್ಕ, ನನ್ನ ಪ್ರಬಂಧವಿತ್ತು. ಅದನ್ನು ನೋಡಿದ ಮೇಲೆ ಸುತ್ತಿ ಬಳಸಿ ಮಾತಾಡಲು ಆಗಲಿಲ್ಲ.

“ಹೆಗಡೇರ, ಆ ಪ್ರಶ್ನಿ ನಿಮ್ದು. ಪುಸ್ತಕದಾಗ ನಾ ಅದನ್ನ ಬರೀಲಿಲ್ಲ. ತಪ್ಪು ಮಾಡೀನ್ರಿ.”

ಹೋಗಲಿ ಬಿಡಿ ಎನ್ನುತ್ತಾರೆಂದುಕೊಂಡಿದ್ದೆ. ಎನ್ನಲಿಲ್ಲ. “ಬೇಜಾರಾಗಿತ್ತು” ಎಂದರು. “ಎಂಗೆ ಇಂಗ್ಲಿಷ್ ಓದಲೆ ಬತ್ತಿಲ್ಲೆ. ಹೆಸರೊಂದು ಗುರ್ತು ಸಿಕ್ತು. ಮೊದ್ಲ ಪುಟದಿಂದ ಕಡೇ ಪುಟದವರೆಗೆ ಹುಡ್ಕಿದ್ದೆ. ಒಂದೇ ಕಡೆ ಇತ್ತು. ಮಗಳ ಹತ್ರ ಓದ್ಸಿದ್ದೆ, ಕೋಣೆ ಕೊಟ್ಟಿದ್ದಕ್ಕೆ ಹೇಳಿ ಇತ್ತು.”

ಕೈ ಚಾಚಿ ಪುಸ್ತಕ ಕೇಳಿದೆ. ಕೆಂಪು ಬೆಳಕಿನ ಪರಿಣಾಮವನ್ನೂ ಪರೀಕ್ಷಿಸಲಾಯಿತು ಎಂಬ ಸಾಲಿರುವ ಪುಟ ನನಗೆ ಹುಡುಕದೆಯೇ ಸಿಗುತ್ತದೆ. ಅವರ ಮೇಜಿನ ಪೆನ್ಸಿಲ್ ತೆಗೆದುಕೊಂಡು ಅಂಚಿನ ಖಾಲಿ ಜಾಗದಲ್ಲಿ ಕನ್ನಡದಲ್ಲಿ ಬರೆದೆ: ಈ ಜೀವಿಗೆ ಕೆಂಪು ಬೆಳಕು ಕಾಣುವುದೇ ಎಂದು ಮೊದಲು ಕೇಳಿದವರು ಕಾನಸೂರಿನ ಹೆಗಡೆಯವರು, ಕತ್ತಲೆಯ ಕೆಲಸವೆಲ್ಲ ಅವರ ಕೈಯದು. ತಿರುಗಿಸಿ ಕೊಟ್ಟೆ. ಅವರು ಕನ್ನಡಕ ಏರಿಸಿ, ತುಟಿ ಅಲುಗಿಸುತ್ತ ಎರಡು ಸಲ ಓದಿದರು. ಆಮೇಲೆ ತಲೆ ಅಡ್ಡ ಆಡಿಸಿದರು.

“ಆನು ಹಂಗೆ ಕೇಳಿದ್ದಲ್ಲ. ಫಿಲ್ಮೋ ಪೇಪರೋ ಹೇಳಿ ಕೇಳಿದ್ದು. ಹಂಗೇ ಬರೆ” ಎಂದು ರಬ್ಬರು ಮುಂದೆ ತಳ್ಳಿದರು. ಅಳಿಸಿದೆ. ನಿನ್ನ ಹುಳ ಫಿಲ್ಮೋ, ಪೇಪರೋ ಎಂದು ಕೇಳಿದರು ಎಂದು ಬರೆದೆ. ಮತ್ತೆ ಓದಿದರು.

“ನೀನು ಬೈದಿದ್ದೂ ಬರೆ.”

ಅದನ್ನೂ ಬರೆದೆ.